ತಿಂಮನ ನೆರಳಿನಲ್ಲಿ ಕಾದಂಬರಿಕಾರ: ಬೀಚಿಯವರ ಕೃತಿಗಳು ಮತ್ತು ಓದುಗರ ಮೆಚ್ಚುಗೆ

ಕನ್ನಡ ಹಾಸ್ಯ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಬೀಚಿಯವರ ಹೆಸರು ಎರಡು ಬಗೆಯಲ್ಲಿ ಪ್ರಸ್ತಾಪಗೊಳ್ಳುತ್ತದೆ. ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಅದು ಹಾಸ್ಯ ಲೇಖಕರ ಪಟ್ಟಿಯಲ್ಲಿ ಬಂದು ಹೋಗುವ ಒಂದು ಹೆಸರು. ಓದುಗರ ಮಾತಿನಲ್ಲಿಯಾದರೋ ಅದು ಒಂದು ಬಗೆಯ ನಗೆಗೇ ಅಂಕಿತ. ಆದರೆ ಅವರ ಯಾವ ಕೃತಿ ಮೆಚ್ಚಿನದು ಎಂದು ಕೇಳಿದಾಗ ಬರುವ ಉತ್ತರ ಸಾಮಾನ್ಯವಾಗಿ ಕೃತಿಯ ಹೆಸರಾಗಿರುವುದಿಲ್ಲ; ‘ತಿಂಮ’ ಎಂಬ ಪಾತ್ರದ ಹೆಸರಾಗಿರುತ್ತದೆ. ಹಲವು ಕಾದಂಬರಿಗಳನ್ನು ಬರೆದ ಲೇಖಕನೊಬ್ಬ ತನ್ನ ಕಾದಂಬರಿಗಳಿಂದ ನೆನಪಾಗದೆ ನಗೆಹನಿಗಳ ನಾಯಕನಿಂದ ನೆನಪಾಗುವುದು ಕುತೂಹಲದ ಸಂಗತಿ. ಓದುಗರ ಈ ಆಯ್ಕೆಯ ಹಿಂದಿರುವ ಕಾರಣಗಳನ್ನು, ಅದರಿಂದ ಉಳಿದುದೇನು, ಮರೆಯಾದುದೇನು ಎಂಬುದನ್ನು ಪ್ರಸ್ತುತ ಲೇಖನ ವಿವೇಚಿಸುತ್ತದೆ. ಬೀಚಿಯವರು ಬಯಲುಸೀಮೆಯ ಲೇಖಕರು. ಆದುದರಿಂದ ಅವರ ನೆಲದಿಂದ ದೂರವಿರುವ, ಬೇರೆಯೇ ಆದ ನಗೆಯ ಪರಂಪರೆಯುಳ್ಳ ಉತ್ತರ ಕನ್ನಡದ ಕರಾವಳಿಯನ್ನು, ವಿಶೇಷವಾಗಿ ಕುಮಟಾ ತಾಲೂಕಿನ ಬಾಡದಂತಹ ಊರುಗಳ ಸಾಂಸ್ಕೃತಿಕ ಪರಿಸರವನ್ನು, ಹೋಲಿಕೆಗಾಗಿ ಇಲ್ಲಿ ಮುಂದಿಟ್ಟುಕೊಳ್ಳಲಾಗಿದೆ.

ಬೀಚಿ ಎಂಬುದು ರಾಯಸಂ ಭೀಮಸೇನರಾವ್ (1913–1980) ಅವರ ಕಾವ್ಯನಾಮ. ಅವರ ಹುಟ್ಟೂರು ಹರಪನಹಳ್ಳಿ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. (ಊರು ಕದಲದೆ ಜಿಲ್ಲೆ ಬದಲಾಗುವ ಈ ಆಟ ಬೀಚಿಯವರ ಲೇಖನಿಗೆ ಸಿಕ್ಕಿದ್ದರೆ ಒಂದು ಪ್ರಕರಣವೇ ಆಗುತ್ತಿತ್ತು.) ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಬಡತನದಲ್ಲಿ ಬೆಳೆದು, ಹೈಸ್ಕೂಲಿನ ಓದಿಗೆ ಶಿಕ್ಷಣವನ್ನು ನಿಲ್ಲಿಸಬೇಕಾಗಿ ಬಂದು, ಪೊಲೀಸ್ ಇಲಾಖೆಯ ಕಚೇರಿ ನೌಕರಿಯಲ್ಲಿ ಜೀವನ ಸವೆಸಿದವರು ಅವರು. ಕನ್ನಡದ ಬಗೆಗೆ ಮೊದಲು ಅವರಿಗೆ ಗೌರವವಿರಲಿಲ್ಲ, ಅ.ನ.ಕೃ. ಅವರ ‘ಸಂಧ್ಯಾರಾಗ’ವನ್ನು ಓದಿದ ಮೇಲೆಯೇ ಆ ಅಸಡ್ಡೆ ಕಳಚಿ ಅವರು ಕನ್ನಡ ಲೇಖಕರಾದರು. ಹಾಸ್ಯ ಲೇಖಕನೊಬ್ಬನಿಗೆ ದೀಕ್ಷೆ ದೊರೆತದ್ದು ‘ಕೊರವಂಜಿ’ಯಂತಹ ಹಾಸ್ಯಪತ್ರಿಕೆಯಿಂದಲ್ಲ, ಸಂಗೀತಗಾರನ ಬಾಳನ್ನು ಚಿತ್ರಿಸುವ ಗಂಭೀರ ಕಾದಂಬರಿಯೊಂದರಿಂದ ಎಂಬ ಈ ಸಂಗತಿ ಮುಂದಿನ ಚರ್ಚೆಗೆ ಮುಖ್ಯವಾದುದು.

ಕಾವ್ಯನಾಮದಿಂದಲೇ ಅವರ ವಿಲಕ್ಷಣತೆ ಆರಂಭವಾಗುತ್ತದೆ. ಅದನ್ನು ಅವರು ಬರೆಯುತ್ತಿದ್ದುದು ಮೊದಲ ಅಕ್ಷರ ಕನ್ನಡದಲ್ಲಿ, ಉಳಿದುದು ಇಂಗ್ಲಿಷ್ ಲಿಪಿಯಲ್ಲಿ. ಎರಡು ಲಿಪಿಗಳನ್ನು ಒಂದೇ ಹೆಸರಿಗೆ ಜೋಡಿಸುವ ಈ ಕ್ರಮ ಮುದ್ರಿತ ಪುಟದಲ್ಲಿ ಮಾತ್ರ ಕಾಣುವ ಚೇಷ್ಟೆ. ಕಿವಿಗೆ ಅದು ಕೇಳಿಸುವುದಿಲ್ಲ. ಪಾತ್ರದ ಹೆಸರಿನಲ್ಲಿಯೂ ಇದೇ ಬಗೆಯ ಆಟವಿದೆ. ‘ತಿಮ್ಮ’ ಎಂದು ಬರೆಯುವ ರೂಢಿಯನ್ನು ಬಿಟ್ಟು ಅವರು ‘ತಿಂಮ’ ಎಂದು ಬರೆದರು. ಒತ್ತಕ್ಷರದ ಬದಲಿಗೆ ಸೊನ್ನೆಯನ್ನಿಡುವ ಪದ್ಧತಿ ಶಾಸನಗಳ ಮತ್ತು ಹಸ್ತಪ್ರತಿಗಳ ಓದುಗರಿಗೆ ಹೊಸದಲ್ಲ. ಆದರೆ ಹಳೆಯ ಲಿಪಿಕಾರನ ಅಭ್ಯಾಸವನ್ನು ಇಪ್ಪತ್ತನೆಯ ಶತಮಾನದ ಜೋಭದ್ರನೊಬ್ಬನ ಹಣೆಗೆ ಅಂಟಿಸಿದಾಗ ಆ ಸೊನ್ನೆಯೇ ಅವನ ಗುರುತಾಗಿಬಿಡುತ್ತದೆ. ಇಂದು ‘ತಿಂಮ’ ಎಂದು ಸೊನ್ನೆಯಿಟ್ಟು ಬರೆದರೆ ಓದುಗನಿಗೆ ಬೀಚಿಯವರ ನೆನಪಾಗುತ್ತದೆ.

ಓದುಗರ ಮೆಚ್ಚುಗೆಯ ಮೊದಲ ನೆಲೆಯನ್ನು ಅವರ ಶೀರ್ಷಿಕೆಗಳಲ್ಲಿಯೇ ಗುರುತಿಸಬಹುದಾಗಿದೆ. ಬೀಚಿಯವರ ಅನೇಕ ಪುಸ್ತಕಗಳು ಓದುವುದಕ್ಕೆ ಮೊದಲೇ ಇಷ್ಟವಾಗುತ್ತವೆ. ‘ನನ್ನ ಭಯಾಗ್ರಫಿ’, ‘ತಿಂಮಿಕ್ಷನರಿ’ ಎಂಬ ಹೆಸರುಗಳಲ್ಲಿ ಇಂಗ್ಲಿಷ್ ಪದವನ್ನು ಕನ್ನಡದ ಕಿವಿಯಿಂದ ಕೇಳಿ ತಿರುಚಲಾಗಿದೆ. ಆದರೆ ಹೆಚ್ಚು ಗಮನಾರ್ಹವಾದ ಶೀರ್ಷಿಕೆಗಳು ಇಂತಹ ಶ್ಲೇಷೆಯವಲ್ಲ; ಪರಂಪರೆಯ ಮಾತೊಂದನ್ನು ಎತ್ತಿಕೊಂಡು ಅದರ ಒಳಗನ್ನು ಹೊರಗು ಮಾಡುವಂಥವು. ‘ದಾಸಕೂಟ’ ಅವರ ಮೊದಲ ಕಾದಂಬರಿ. ಹರಿದಾಸ ಪರಂಪರೆಯಲ್ಲಿ ವ್ಯಾಸಕೂಟಕ್ಕೆ ಎದುರಾಗಿ ನಿಲ್ಲುವ ಈ ಪದವನ್ನು ಲೌಕಿಕ ಕಥನದ ಹಣೆಪಟ್ಟಿಯಾಗಿಸಿದೊಡನೆ ಓದುಗನಿಗೆ ಮುಂದಿನದರ ಸುಳಿವು ಸಿಗುತ್ತದೆ. ‘ಸತೀಸೂಳೆ’ ಎಂಬಲ್ಲಿ ಸಮಾಜವು ಎಂದೂ ಒಂದೆಡೆ ಕೂಡಿಸದ ಎರಡು ಮಾತುಗಳು ಸಮಾಸದಲ್ಲಿ ಕೂಡಿವೆ. ‘ಸರಸ್ವತಿ ಸಂಹಾರ’ದ ವಿಷಯ ಇನ್ನೂ ಸ್ವಾರಸ್ಯಕರವಾದುದು. ಯಕ್ಷಗಾನದ ಪ್ರಸಂಗಗಳ ಹೆಸರುಗಳು ಕಾಳಗ, ಪರಿಣಯ, ವಧೆ, ಸಂಹಾರ ಎಂದು ಕೊನೆಗೊಳ್ಳುವುದು ಕರಾವಳಿಯ ಪ್ರೇಕ್ಷಕನಿಗೆ ಬಾಯಿಪಾಠ. ಅಲ್ಲಿ ಸಂಹಾರವಾಗುವವನು ರಾಕ್ಷಸ, ಸಂಹರಿಸುವವರು ದೇವ ಅಥವಾ ದೇವಿ. ಬೀಚಿಯವರ ಶೀರ್ಷಿಕೆಯಲ್ಲಿ ಸ್ಥಾನಗಳು ಅದಲುಬದಲಾಗಿವೆ: ಬಲಿಯಾಗುವವಳಿಗೆ ದೇವಿಯ ಹೆಸರು, ಸಂಹರಿಸುವವನ ಹೆಸರೇ ಇಲ್ಲ. ಬಯಲಾಟ ನೋಡಿ ಬೆಳೆದ ಓದುಗನಿಗೆ ಈ ವ್ಯಂಗ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

‘ಖಾದಿ ಸೀರೆ’ಯ ಶೀರ್ಷಿಕೆಯೂ ಆಯಾ ಪ್ರದೇಶದ ಚಾರಿತ್ರಿಕ ಸ್ಮೃತಿಗೆ ಅನುಗುಣವಾಗಿ ಬೇರೆಬೇರೆ ಧ್ವನಿಗಳನ್ನು ಪಡೆಯುತ್ತದೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನೂ, ಆ ದಶಕದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರಗಳ ರೈತ ಕುಟುಂಬಗಳು ಪಟ್ಟ ಪಾಡನ್ನೂ ಮನೆಯ ಹಿರಿಯರಿಂದ ಕೇಳಿದ ಉತ್ತರ ಕನ್ನಡದ ಓದುಗನಿಗೆ ಖಾದಿ ಎಂಬುದು ಬರಿಯ ಬಟ್ಟೆಯ ಹೆಸರಲ್ಲ. ಸ್ವಾತಂತ್ರ್ಯಾನಂತರ ಆ ಬಟ್ಟೆ ತೊಟ್ಟವರ ಬಗೆಗೆ ಮೂಡಿದ ಅನುಮಾನವೂ ಅದೇ ಓದುಗನದು. ಶೀರ್ಷಿಕೆಯೊಂದು ಗೌರವ ಹಾಗೂ ಅನುಮಾನ ಎರಡನ್ನೂ ಒಟ್ಟಿಗೆ ಕೆರಳಿಸಬಲ್ಲದಾದರೆ ಅದು ಲೇಖಕನ ಅರ್ಧ ಕೆಲಸವನ್ನು ಮುಗಿಸಿದಂತೆಯೇ.

ಇನ್ನು ತಿಂಮ. ‘ತಿಂಮನ ತಲೆ’, ‘ತಿಂಮ ರಸಾಯನ’, ‘ಬೆಳ್ಳಿ ತಿಂಮ ನೂರೆಂಟು ಹೇಳಿದ’, ‘ಅಂದನಾ ತಿಂಮ’ ಮುಂತಾದವು ಓದುಗರು ಬಿಡದೆ ಹೆಸರಿಸುವ ಪುಸ್ತಕಗಳು. ಇವುಗಳ ಆಕರ್ಷಣೆಗೆ ಮುಖ್ಯ ಕಾರಣ ತಿಂಮನಿಗೆ ನಿಶ್ಚಿತವಾದ ವಯಸ್ಸು, ವೃತ್ತಿ, ಊರುಗಳಿಲ್ಲದಿರುವುದು. ಅವನು ಒಮ್ಮೆ ವಿದ್ಯಾರ್ಥಿ, ಒಮ್ಮೆ ಗಂಡ, ಒಮ್ಮೆ ರೋಗಿ, ಒಮ್ಮೆ ಸಾಕ್ಷಿ. ಪೆದ್ದನೂ ಹೌದು, ಪೆದ್ದುತನದ ಮರೆಯಲ್ಲಿ ಎದುರಿನವನ ಅಹಂಕಾರವನ್ನು ಇಳಿಸುವ ಜಾಣನೂ ಹೌದು. ಈ ಸಡಿಲತೆಯೇ ಅವನನ್ನು ಎಲ್ಲ ಊರುಗಳ ಸ್ವತ್ತಾಗಿಸಿದೆ. ಹೆಸರಂತೂ ಕರಾವಳಿಗೆ ಪರಕೀಯವಲ್ಲ. ಮಂಜುಗುಣಿಯ ವೆಂಕಟರಮಣನನ್ನು, ತಿರುಪತಿಯ ತಿಮ್ಮಪ್ಪನನ್ನು ನಂಬಿದ ಮನೆತನಗಳಲ್ಲಿ ತಿಮ್ಮಪ್ಪ, ತಿಮ್ಮಣ್ಣ ಎಂಬ ಹೆಸರುಗಳು ಧಾರಾಳವಾಗಿವೆ. ಬಾಡ, ಕಾಗಾಲ, ಅಘನಾಶಿನಿಗಳ ಓದುಗನಿಗೆ ಹರಪನಹಳ್ಳಿಯ ತಿಂಮ ಆಚೆಮನೆಯವನಂತೆಯೇ ಕಂಡರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಯಕ್ಷಗಾನದ ಹಾಸ್ಯಗಾರನಿಗೂ ತಿಂಮನಿಗೂ ಇರುವ ಸಾಮ್ಯವನ್ನು ಇಲ್ಲಿ ಗಮನಿಸಬೇಕು. ರಾಜನೂ ಋಷಿಯೂ ಗ್ರಾಂಥಿಕ ಕನ್ನಡದಲ್ಲಿ ಅರ್ಥ ಹೇಳುವ ರಂಗದಲ್ಲಿ ಹಾಸ್ಯಗಾರನೊಬ್ಬನಿಗೆ ಮಾತ್ರ ಊರಿನ ಮಾತನ್ನಾಡುವ ಸ್ವಾತಂತ್ರ್ಯವಿದೆ. ದೂತನಾಗಿ, ದಾರುಕನಾಗಿ, ಬ್ರಾಹ್ಮಣನಾಗಿ ವೇಷ ಬದಲಾದರೂ ಪ್ರೇಕ್ಷಕ ಗುರುತಿಸುವುದು ಹಾಸ್ಯಗಾರನನ್ನೇ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳವೂ ಸೇರಿದಂತೆ ಹೊನ್ನಾವರ, ಕುಮಟಾ ಪ್ರದೇಶದ ಆಟಗಳನ್ನು ನೋಡುತ್ತ ಬಂದವರಿಗೆ ಪ್ರಸಂಗ ಬದಲಾದರೂ ಬದಲಾಗದ ಈ ನಗೆಯ ವ್ಯಕ್ತಿ ಚಿರಪರಿಚಿತ. ತಿಂಮನೂ ಹೀಗೆಯೇ: ಸನ್ನಿವೇಶಗಳು ಬದಲಾಗುತ್ತವೆ, ಸುತ್ತಲಿನವರು ಅಧಿಕಾರದ, ಪಾಂಡಿತ್ಯದ ಅಥವಾ ಮಡಿವಂತಿಕೆಯ ಭಾಷೆಯನ್ನಾಡುತ್ತಾರೆ, ಅವನೊಬ್ಬ ಮನೆಮಾತಿನಲ್ಲಿ ಉತ್ತರಿಸುತ್ತಾನೆ.

‘ಅಂದನಾ ತಿಂಮ’ ಪದ್ಯರೂಪದ ಕೃತಿ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿಯೇ ತಿಮ್ಮನ ಹೆಸರಿಗೆ ತಾತ್ತ್ವಿಕ ಘನತೆಯನ್ನು ತಂದುಕೊಟ್ಟಿತ್ತು. ಬೀಚಿಯವರ ಶೀರ್ಷಿಕೆ ಆ ಹೆಸರನ್ನು ಮತ್ತೆ ಜಗಲಿಗೆ ಇಳಿಸುತ್ತದೆ. ಇದನ್ನು ಬರಿಯ ಅಣಕವೆಂದು ತಳ್ಳಿಹಾಕಲಾಗದು. ತತ್ತ್ವ ಹೇಳುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಅದರ ಒಳಗಿದೆ. ಉತ್ತರ ಕನ್ನಡದ ಓದುಗರಿಗೆ ಈ ಜಾತಿಯ ಪದ್ಯದ ರುಚಿಯನ್ನು ಹತ್ತಿಸಿದವರು ಅಂಕೋಲೆಯ ದಿನಕರ ದೇಸಾಯಿ (1909–1982). ಅವರ ಚೌಪದಿ ರಾಜಕಾರಣಿ, ಪುರೋಹಿತ, ಪಂಡಿತರನ್ನು ನಾಲ್ಕು ಸಾಲಿನಲ್ಲಿ ಮಾತನಾಡಿಸಿ ಕಳುಹಿಸುವ ಪದ್ಯ. ಆದರೆ ಚೌಪದಿಯ ಹಿಂದೆ ಚಳವಳಿಗಾರನೊಬ್ಬನ ನಿಶ್ಚಿತ ನಿಲುವಿದೆ. ತಿಂಮನ ಹಿಂದೆ ಅಂತಹ ನಿಲುವಿಲ್ಲ, ತಲೆಹರಟೆ ಇದೆ. ಆ ತಲೆಹರಟೆ ಕೆಲವೊಮ್ಮೆ ನಿಲುವಿಗಿಂತ ದೂರ ಹೋಗುತ್ತದೆ, ಕೆಲವೊಮ್ಮೆ ಎಲ್ಲಿಗೂ ಹೋಗುವುದಿಲ್ಲ.

ಓದುಗರ ಮೆಚ್ಚುಗೆಗೆ ಪಾತ್ರವಾದ ಮತ್ತೊಂದು ಬಗೆ ಪ್ರಶ್ನೋತ್ತರಗಳದು. ‘ಸುಧಾ’ ವಾರಪತ್ರಿಕೆಯಲ್ಲಿ ಬೀಚಿಯವರು ನಡೆಸಿದ ‘ನೀವು ಕೇಳಿದಿರಿ’ ಅಂಕಣ ಮತ್ತು ಪ್ರಶ್ನೋತ್ತರಗಳ ಸಂಗ್ರಹವಾದ ‘ಉತ್ತರಭೂಪ’ ಇದಕ್ಕೆ ಉದಾಹರಣೆ. ಈ ಪ್ರಕಾರದಲ್ಲಿ ಓದುಗ ಬರಿಯ ಓದುಗನಲ್ಲ. ಅವನು ಪ್ರಶ್ನೆ ಕಳುಹಿಸುತ್ತಾನೆ, ಅಚ್ಚಾದೀತೇ ಎಂದು ಕಾಯುತ್ತಾನೆ, ಸೋಲಲು ಸಿದ್ಧನಾಗಿಯೇ ಲೇಖಕನನ್ನು ಕೆಣಕುತ್ತಾನೆ. ಕೃತಿಯ ಅರ್ಧ ಭಾಗದ ಕರ್ತೃತ್ವ ಓದುಗರದೇ ಆಗಿರುವುದರಿಂದ ಅದರ ಬಗೆಗಿನ ಪ್ರೀತಿಗೆ ಸ್ವಂತದ್ದೆಂಬ ಅಭಿಮಾನವೂ ಸೇರುತ್ತದೆ. ಪಾಶ್ಚಾತ್ಯ ವಿಮರ್ಶೆಯಲ್ಲಿ ಹ್ಯಾನ್ಸ್ ರಾಬರ್ಟ್ ಯಾಸ್ ಅವರು ಓದುಗರ ‘ನಿರೀಕ್ಷೆಯ ದಿಗಂತ’ವನ್ನು ಕುರಿತು ಮಾತನಾಡುತ್ತಾರೆ. ಬೀಚಿಯವರ ಅಂಕಣದಲ್ಲಿ ನಿರೀಕ್ಷೆ ಪ್ರಶ್ನೆಯ ರೂಪದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಅದನ್ನು ಅರ್ಧ ಸಾಲಿನಲ್ಲಿ ಮುರಿಯುವುದು ಉತ್ತರದ ಕೆಲಸ.

ಶೀರ್ಷಿಕೆಯ ವಿಷಯ ಇಲ್ಲಿಯೂ ಮರೆಯುವಂತಿಲ್ಲ. ಉತ್ತರ ಎಂದರೆ ಜವಾಬು. ಉತ್ತರ ಎಂದರೆ ವಿರಾಟನ ಮಗ. ಒಲೆಯ ಮುಂದೆ ಪೌರುಷ ತೋರಿದವನೆಂದು ಗಾದೆಗೆ ಸಿಕ್ಕಿಬಿದ್ದ ರಾಜಕುಮಾರ ಅವನು. ಉತ್ತರ ಹೇಳುವವನು ತನ್ನನ್ನೇ ಜಂಬಗಾರ ಉತ್ತರಕುಮಾರನ ಸಾಲಿಗೆ ಸೇರಿಸಿಕೊಳ್ಳುವುದರಿಂದ ಅವನ ಚಾಟಿ ಮೊದಲು ಬೀಳುವುದು ಅವನ ಬೆನ್ನಿಗೇ. ತಾಳಮದ್ದಳೆಯ ಪರಿಚಯವಿರುವ ಕರಾವಳಿಗರಿಗೆ ಈ ಪ್ರಕಾರದ ಸುಖ ಮತ್ತಷ್ಟು ನಿಕಟವಾದುದು. ವೇಷವಿಲ್ಲದೆ, ಕುಣಿತವಿಲ್ಲದೆ, ಎದುರಾಳಿಯ ಮಾತಿನ ಎಳೆಯನ್ನೇ ಹಿಡಿದು ಅವನನ್ನು ಕಟ್ಟಿಹಾಕುವ ಅರ್ಥಗಾರಿಕೆಯನ್ನು ಇಲ್ಲಿಯ ಶ್ರೋತೃಗಳು ತಲೆಮಾರುಗಳಿಂದ ಸವಿದಿದ್ದಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳ ಮಾತಿನ ವರಸೆಗಳನ್ನು ಆಟ ಮುಗಿದು ವರ್ಷಗಳಾದ ಮೇಲೆಯೂ ನೆನೆಯುವ ಅಭಿರುಚಿಗೆ ‘ಉತ್ತರಭೂಪ’ ಹತ್ತಿರದ ನೆಂಟ. ವ್ಯತ್ಯಾಸವಿಷ್ಟೇ: ತಾಳಮದ್ದಳೆಯಲ್ಲಿ ಎದುರಾಳಿಗೆ ಮರುಮಾತಿನ ಅವಕಾಶವಿದೆ, ಅಂಕಣದಲ್ಲಿ ಕೊನೆಯ ಮಾತು ಯಾವಾಗಲೂ ಲೇಖಕನದೇ.

ಇಷ್ಟೆಲ್ಲ ಮೆಚ್ಚುಗೆಯ ನಡುವೆ ಕಾದಂಬರಿಗಳು ಎಲ್ಲಿ ಹೋದವು? ಶೀರ್ಷಿಕೆಗಳನ್ನೇ ಮತ್ತೊಮ್ಮೆ ಗಮನಿಸಿದರೆ ‘ಸರಸ್ವತಿ ಸಂಹಾರ’, ‘ಖಾದಿ ಸೀರೆ’, ‘ಸತೀಸೂಳೆ’, ‘ಮೇಡಮ್ಮನ ಗಂಡ’ ಇವೆಲ್ಲವೂ ಹೆಣ್ಣನ್ನು ನಡುವಿಗೆ ತರುವ ಹೆಸರುಗಳು. ಇದು ಆಕಸ್ಮಿಕವಲ್ಲ. ಬೀಚಿಯವರು ಗುರುವೆಂದು ಭಾವಿಸಿದ ಅ.ನ.ಕೃ. ಅವರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯಾ ಸಮಸ್ಯೆಯನ್ನು ಎತ್ತಿಕೊಂಡು ದೊಡ್ಡ ವಿವಾದಕ್ಕೆ ಗುರಿಯಾದ ಕಾಲ ಅದು. ಪ್ರಗತಿಶೀಲರ ಕಾದಂಬರಿಯ ಕಾಳಜಿಯನ್ನು ನಗೆಯ ಭಾಷೆಯಲ್ಲಿ ಮುಂದುವರಿಸಿದವರೆಂದು ಬೀಚಿಯವರನ್ನು ಓದಿದಾಗ ಮಾತ್ರ ಅವರ ಕಾದಂಬರಿಗಳಿಗೆ ನ್ಯಾಯ ದೊರೆಯುತ್ತದೆ. ಅಲ್ಲಿ ನಗೆ ಉಪಶಮನವಲ್ಲ; ಕ್ರೌರ್ಯವನ್ನು ಸಹಜವೆಂದು ಒಪ್ಪಿಕೊಂಡವರ ಮಾತಿನ ಪೊಳ್ಳುತನವನ್ನು ಕೇಳಿಸುವ ಸಾಧನ.

ಆದರೆ ತಿಂಮನ ಹನಿಗಳಲ್ಲಿ ಚಿತ್ರ ಬೇರೆಯಾಗುತ್ತದೆ. ಗಂಡಹೆಂಡಿರ ಜಗಳವನ್ನಾಧರಿಸಿದ ಹನಿಗಳಲ್ಲಿ ನಗೆಯ ಖರ್ಚು ಎಷ್ಟೋ ವೇಳೆ ಹೆಂಡತಿಯ ಲೆಕ್ಕಕ್ಕೆ ಬೀಳುತ್ತದೆ. ಕಾದಂಬರಿಯಲ್ಲಿ ಹೆಣ್ಣಿನ ಪರವಾಗಿ ಕೆರಳುವ ಲೇಖಕನೇ ಹನಿಯಲ್ಲಿ ಜಗಲಿಯ ಗಂಡಸರ ಜೊತೆ ಕೂತು ನಗುತ್ತಾನೆ. ಇದೇ ಗೃಹಕೃತ್ಯದ ಲೋಕವನ್ನು ಒಳಮನೆಯ ಕಡೆಯಿಂದ ನೋಡಿ ನಗೆಯಾಗಿಸಿದ ಟಿ. ಸುನಂದಮ್ಮನವರ (1917–2006) ಬರಹಗಳ ಪಕ್ಕದಲ್ಲಿ ತಿಂಮನ ಹನಿಗಳನ್ನಿಟ್ಟರೆ ಈ ಮಿತಿ ಸ್ಪಷ್ಟವಾಗುತ್ತದೆ. ಓದುಗರ ಆಯ್ಕೆ ತಿಂಮನ ಕಡೆಗೆ ವಾಲಿದಾಗ ಒಬ್ಬ ಬೀಚಿ ಉಳಿದು ಇನ್ನೊಬ್ಬ ಬೀಚಿ ಹಿಂದೆ ಸರಿಯುತ್ತಾರೆ. ಹಿಂದೆ ಸರಿದವರೇ ಹೆಚ್ಚು ತೂಕದವರು ಎಂಬುದನ್ನು ಇಲ್ಲಿ ಹೇಳದಿರಲಾಗದು.

ಇದಕ್ಕೆ ಓದುಗರನ್ನಷ್ಟೇ ಹೊಣೆ ಮಾಡುವುದು ಸರಿಯಲ್ಲ. ಹಾಸ್ಯವನ್ನು ಶೃಂಗಾರದಿಂದ ಹುಟ್ಟಿದುದೆಂದು ಹೇಳುವ ನಾಟ್ಯಶಾಸ್ತ್ರವು ಸ್ಮಿತದಿಂದ ಅತಿಹಸಿತದವರೆಗೆ ಆರು ಭೇದಗಳನ್ನು ಮಾಡಿ, ಹಲ್ಲು ಕಾಣದ ಮುಗುಳ್ನಗೆಯನ್ನು ಉತ್ತಮರಿಗೂ, ಕಣ್ಣೀರು ಬರುವ ಅಬ್ಬರದ ನಗೆಯನ್ನು ಅಧಮರಿಗೂ ಹಂಚಿಕೊಟ್ಟಿದೆ. ಆಧುನಿಕ ಕನ್ನಡ ವಿಮರ್ಶೆ ಈ ಹಂಚಿಕೆಯನ್ನು ಬಾಯಿಬಿಟ್ಟು ಹೇಳದಿದ್ದರೂ ಬಹುಮಟ್ಟಿಗೆ ಪಾಲಿಸುತ್ತ ಬಂದಿದೆ. ಗೊರೂರರ ತಿಳಿನಗೆಗೆ ಸಿಕ್ಕ ಮನ್ನಣೆ ಬೀಚಿಯವರ ಅಬ್ಬರಕ್ಕೆ ಸಿಗಲಿಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯ ಬಳಗಕ್ಕೆ, ಅದರೊಡನೆ ನಾ. ಕಸ್ತೂರಿಯವರಂತಹವರಿಗೆ, ಮೈಸೂರು, ಬೆಂಗಳೂರುಗಳ ವಿದ್ಯಾವಂತ ವಲಯದ ಬೆಂಬಲವಿತ್ತು. ಮದರಾಸು ಪ್ರಾಂತದ ಅಂಚಿನಿಂದ ಬಂದ, ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿದ ಬಳಿಕವಷ್ಟೇ ಬೆಂಗಳೂರಿನ ಸಾಹಿತ್ಯ ಪರಿಸರಕ್ಕೆ ಹತ್ತಿರವಾದ ಪೊಲೀಸ್ ಕಚೇರಿಯ ನೌಕರನಿಗೆ ಆ ಬೆಂಬಲ ಸುಲಭವಾಗಿ ದೊರೆಯುವಂತಿರಲಿಲ್ಲ. ಅದೇ ಸುಮಾರಿಗೆ ನವ್ಯ ವಿಮರ್ಶೆ ತಲೆಯೆತ್ತಿತು. ಅದರ ಅಳತೆಗೋಲಿಗೆ ಅ.ನ.ಕೃ. ಅವರ ಬಳಗದ ಗಂಭೀರ ಕಾದಂಬರಿಗಳೇ ನಿಲ್ಲಲಿಲ್ಲವೆಂದ ಮೇಲೆ ನಗೆಯ ಕಾದಂಬರಿಯ ಪಾಡೇನು?

ಪಾತ್ರವೊಂದು ಲೇಖಕನ ಉಳಿದ ಬರಹವನ್ನು ನುಂಗುವುದು ಕನ್ನಡಕ್ಕೆ ಸೀಮಿತವಾದ ವಿದ್ಯಮಾನವೂ ಅಲ್ಲ. ಮರಾಠಿಯಲ್ಲಿ ಚಿ.ವಿ. ಜೋಶಿಯವರೆಂದರೆ ಓದುಗರಿಗೆ ಚಿಮಣರಾವ್. ಅವರ ಪಾಲಿ ಭಾಷೆಯ ಪಾಂಡಿತ್ಯ ಬಲ್ಲವರಿಗಷ್ಟೇ ಗೊತ್ತು. 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದು ಮರಾಠಿಯ ಒಡನಾಟ ಪಡೆದಿದ್ದ ಉತ್ತರ ಕನ್ನಡದಲ್ಲಿ ಈ ಬಗೆಯ ನಗೆಯ ನಾಯಕನ ಕಲ್ಪನೆ ತಿಂಮನಿಗಿಂತ ಮೊದಲೇ ಪರಿಚಿತವಾಗಿತ್ತು. ಇಂಗ್ಲಿಷಿನಲ್ಲಿ ವುಡ್‌ಹೌಸ್ ಅವರ ಅಭಿಮಾನಿಗಳು ಜೀವ್ಸ್‌ನ ಕಡೆಗೇ ತಿರುಗುವುದೂ ಇಂತಹದೇ. ಆದರೆ ಒಂದು ಭೇದವಿದೆ. ಜೀವ್ಸ್ ಕಥೆ, ಕಾದಂಬರಿಗಳ ಒಳಗೇ ಇದ್ದಾನೆ, ಅವನನ್ನು ಮೆಚ್ಚಲು ಅವುಗಳನ್ನೇ ಓದಬೇಕು. ತಿಂಮನನ್ನು ಮೆಚ್ಚಲು ಪುಸ್ತಕವನ್ನೇ ತೆರೆಯಬೇಕಾಗಿಲ್ಲ.

ಈ ಕೊನೆಯ ಮಾತು ಸಂಶೋಧಕರಿಗೆ ನೇರವಾಗಿ ಸಂಬಂಧಿಸಿದುದು. ತಿಂಮನ ಹನಿಗಳು ಬಹುಕಾಲದಿಂದ ಬಾಯಿಂದ ಬಾಯಿಗೆ ಹರಿದಿವೆ. ಗಂಗಾವತಿ ಪ್ರಾಣೇಶ್ ಅವರು ‘ಅಭಿನವ ಬೀಚಿ’ ಎಂಬ ಹೆಸರಿನಲ್ಲಿ ನಾಡಿನುದ್ದಕ್ಕೂ ನಡೆಸಿದ ಹಾಸ್ಯ ಕಾರ್ಯಕ್ರಮಗಳು ಪುಸ್ತಕ ಹಿಡಿಯದ ತಲೆಮಾರಿಗೂ ಬೀಚಿಯವರ ಹೆಸರನ್ನು ತಲುಪಿಸಿವೆ. ಲೇಖಕನೊಬ್ಬನಿಗೆ ಮರಣಾನಂತರ ದೊರೆತ ಈ ಸೇವೆ ಸಣ್ಣದಲ್ಲ. ಅದರೊಡನೆ ತೆನ್ನಾಲಿ ರಾಮಕೃಷ್ಣ, ಬೀರಬಲ್, ಮುಲ್ಲಾ ನಸ್ರುದ್ದೀನರ ಕಥೆಗಳಿಗೆ ಆದುದೇ ತಿಂಮನಿಗೂ ಆಗಿದೆ. ಒಡೆಯನಿಲ್ಲದ ನಗೆಹನಿಗಳು ಬಂದು ಅವನ ಹೆಸರಿಗೆ ಅಂಟಿಕೊಳ್ಳುತ್ತವೆ, ಅವನವೇ ಆದವು ಹೆಸರು ಕಳಚಿಕೊಂಡು ಬೇರೆಯವರ ಪಾಲಾಗುತ್ತವೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಪಾತ್ರವೊಂದಕ್ಕೆ ಸಲ್ಲಬಹುದಾದ ಅತ್ಯುನ್ನತ ಮನ್ನಣೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ತೊಡಕು. ಯಾವುದು ಯಾವ ಪತ್ರಿಕೆಯ ಅಂಕಣದಲ್ಲಿ ಮೊದಲು ಬಂದಿತು, ಯಾವ ಸಂಗ್ರಹಕ್ಕೆ ಹೇಗೆ ತಿದ್ದಲ್ಪಟ್ಟು ಸೇರಿತು ಎಂಬುದನ್ನು ಹಳೆಯ ಸಂಚಿಕೆಗಳೊಡನೆ ಹೋಲಿಸಿ ನಿರ್ಧರಿಸದೆ ‘ಬೀಚಿಯವರ ಹಾಸ್ಯ’ವನ್ನು ಕುರಿತು ಆಡುವ ಮಾತುಗಳಿಗೆ ನೆಲೆ ಸಿಗದು. ಕಾದಂಬರಿಗಳ ಮಟ್ಟಿಗೆ ಈ ತೊಡಕಿಲ್ಲ. ಅವು ಅಚ್ಚಿನಲ್ಲಿ ಇದ್ದಂತೆಯೇ ಇವೆ, ಏಕೆಂದರೆ ಅವುಗಳನ್ನು ಯಾರೂ ಬಾಯಲ್ಲಿ ಹೊತ್ತು ತಿರುಗಿಲ್ಲ.

ಎರಡೂ ಬಗೆಯ ಓದುಗರು ಒಪ್ಪಿ ಮೆಚ್ಚುವ ಕೃತಿಯೊಂದಿದ್ದರೆ ಅದು ‘ನನ್ನ ಭಯಾಗ್ರಫಿ’. ಆತ್ಮಕಥೆಗೆ ಭಯವನ್ನು ಬೆಸೆದ ಆ ಹೆಸರಿನ ನಗೆಗಾಗಿ ಪುಸ್ತಕವನ್ನು ಕೈಗೆತ್ತಿಕೊಂಡವರು ಅನಾಥ ಬಾಲ್ಯದ, ಹಂಗಿನ ಅನ್ನದ ಕಥೆಯೊಳಗೆ ಹೋಗಿ ನಿಲ್ಲುತ್ತಾರೆ. ಸ್ವಂತ ದುಃಖವನ್ನು ಹೇಳುವಾಗಲೂ ಬೀಚಿಯವರು ಹನಿಯ ಲಯವನ್ನು ಬಿಡುವುದಿಲ್ಲ: ಪ್ರಸಂಗವೊಂದನ್ನು ಕಟ್ಟುತ್ತಾರೆ, ಕೊನೆಯ ಮಾತಿನಲ್ಲಿ ತಿರುಗಿಸುತ್ತಾರೆ. ಆದರೆ ಇಲ್ಲಿ ತಿರುಗಿದ ಮಾತು ತಾಗುವುದು ಇನ್ನೊಬ್ಬರಿಗಲ್ಲ. ತಿಂಮನ ಪುಸ್ತಕಗಳಿಂದ ಕಾದಂಬರಿಗಳ ಕಡೆಗೆ ಹೋಗಬಯಸುವ ಓದುಗನಿಗೂ, ಅವೆರಡನ್ನೂ ಒಂದೇ ಲೇಖಕನ ಬರಹವೆಂದು ಪಾಠ ಮಾಡಬೇಕಾದ ಅಧ್ಯಾಪಕನಿಗೂ ನಡುವಿನ ಸಂಕ ಇರುವುದು ಈ ಪುಸ್ತಕದಲ್ಲಿ.